ಪ್ರತಿ ರಾತ್ರಿಯ ತಪ್ಪೊಪ್ಪಿಗೆ: ಒಂದು ಪ್ರಕರಣ

ಮನಸ್ಸಿನಲ್ಲಿರುವುದನ್ನು ಹೇಳಿಕೊಂಡರೆ ಹಗುರಾಗುತ್ತದೆ ಎಂಬ ಮಾತನ್ನು ಯಾರೂ ಪ್ರಶ್ನಿಸುವುದಿಲ್ಲ. ಈ ಪ್ರಕರಣದ ತಾಯಿ ಹೇಳಿಕೊಂಡಳು. ಪ್ರತಿ ರಾತ್ರಿ ಹೇಳಿಕೊಂಡಳು. ಕೇಳಿಸಿಕೊಂಡ ಗಂಡ ಒಳ್ಳೆಯವನು. ಬೈಯಲಿಲ್ಲ, ಮುಖ ತಿರುಗಿಸಲಿಲ್ಲ, ಬೇಸರಪಡದೆ ಸಮಾಧಾನ ಹೇಳಿದ. ಆದರೂ ಕೆಲವೇ ತಿಂಗಳಲ್ಲಿ ಇಬ್ಬರೂ ಹಣ್ಣಾಗಿ ಹೋಗಿದ್ದರು. ಎಲ್ಲರೂ ಒಳ್ಳೆಯದನ್ನೇ ಮಾಡುತ್ತಿದ್ದ ಮನೆಯಲ್ಲಿ ಹೀಗೇಕಾಯಿತು ಎಂಬುದನ್ನು ಬಿಡಿಸಿ ನೋಡಲು ಈ ಬರಹ.

ಇದು ಯಾವುದೋ ಒಂದೇ ಮನೆಯ ಕಥೆಯಲ್ಲ. ಬೇಡದ ಯೋಚನೆ ಪದೇ ಪದೇ ಬಂದು, ಅದರ ಆತಂಕ ತಣಿಸಲು ಒಂದೇ ಕ್ರಿಯೆಯನ್ನು ಪದೇ ಪದೇ ಮಾಡಿಸುವ ಕಾಯಿಲೆಗೆ ಗೀಳು ಕಾಯಿಲೆ (ಒಸಿಡಿ) ಎನ್ನುತ್ತಾರೆ. ಹೆರಿಗೆಯ ನಂತರ ಕಾಣಿಸಿಕೊಳ್ಳುವ ಗೀಳು ಕಾಯಿಲೆಯಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಬ್ಬ ತಾಯಿ, ಒಬ್ಬ ಗಂಡ, ಒಂದು ಮಗುವಿನ ಸುತ್ತ ಹೆಣೆದಿದ್ದೇನೆ. ಹೆಸರು, ಊರು, ಉದ್ಯೋಗಗಳನ್ನು ಬೇಕೆಂದೇ ಬಿಟ್ಟಿದ್ದೇನೆ.

ಆದದ್ದು ಏನು

ಅವಳಿಗೆ ಮೂವತ್ತರ ಆಸುಪಾಸು. ಬಯಸಿ ಪಡೆದ ಚೊಚ್ಚಲ ಮಗು. ಸ್ವಭಾವದಲ್ಲಿ ಅಚ್ಚುಕಟ್ಟು, ಬಾಗಿಲಿಗೆ ಬೀಗ ಹಾಕಿದ ಮೇಲೆ ಮತ್ತೊಮ್ಮೆ ಎಳೆದು ನೋಡುವವಳು, ಒಂದು ಪತ್ರ ಕಳಿಸುವ ಮುನ್ನ ಮೂರು ನಾಲ್ಕು ಸಲ ಓದುವವಳು. ಇದನ್ನು ಯಾರೂ ಕಾಯಿಲೆ ಎಂದಿರಲಿಲ್ಲ, ಅದು ಕಾಯಿಲೆಯೂ ಆಗಿರಲಿಲ್ಲ. ಜವಾಬ್ದಾರಿಯುಳ್ಳ ಹೆಣ್ಣು ಎಂಬ ಹೊಗಳಿಕೆಯೇ ಸಿಕ್ಕಿತ್ತು.

ಹೆರಿಗೆ ಸುಸೂತ್ರವಾಯಿತು. ಆದರೆ ಮಗುವನ್ನು ಮೊದಲ ಬಾರಿಗೆ ಎದೆಯ ಮೇಲೆ ಮಲಗಿಸಿದಾಗ ಅವಳಿಗೆ ಏನೂ ಅನ್ನಿಸಲಿಲ್ಲ. ದಣಿವು, ಚಳಿ, ಒಮ್ಮೆ ಕಣ್ಣು ಮುಚ್ಚಿದರೆ ಸಾಕು ಎಂಬ ಆಸೆ, ಇಷ್ಟೇ. ಸುತ್ತ ನಿಂತವರು ಅವಳ ಮುಖ ನೋಡುತ್ತಿದ್ದರು, ಆದ್ದರಿಂದ ನಕ್ಕಳು. ಈ ಸಂಗತಿಯನ್ನು ಯಾರಿಗೂ ಹೇಳಲಿಲ್ಲ. 1980ರಲ್ಲಿ ರಾಬ್ಸನ್ ಮತ್ತು ಕುಮಾರ್ ಎಂಬ ಸಂಶೋಧಕರು ಬ್ರಿಟನ್ನಿನ ಮನೋವೈದ್ಯಕೀಯ ನಿಯತಕಾಲಿಕವೊಂದರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚೊಚ್ಚಲ ಹೆರಿಗೆಯಾದವರಲ್ಲಿ ಶೇ. 40ರಷ್ಟು ಮಂದಿ ಮಗುವನ್ನು ಮೊದಲು ಎತ್ತಿಕೊಂಡಾಗ ತಮಗೆ ಮುಖ್ಯವಾಗಿ ಅನ್ನಿಸಿದ್ದು ನಿರ್ಲಿಪ್ತತೆ ಎಂದಿದ್ದರು. ಎರಡನೆಯ ಅಥವಾ ಅನಂತರದ ಹೆರಿಗೆಯವರಲ್ಲೂ ಈ ಪ್ರಮಾಣ ಶೇ. 25 ಇತ್ತು. ಬಹುಪಾಲು ತಾಯಂದಿರಿಗೆ ಒಂದು ವಾರದೊಳಗೆ ಮಮತೆ ತಾನಾಗಿ ಬಂದಿತ್ತು. ಗರ್ಭಿಣಿಯರಿಗೆ ಹೇಗೆ ಉಸಿರಾಡಬೇಕೆಂದು ಹೇಳಿಕೊಡುತ್ತಾರೆ, ಮಗುವನ್ನು ಹೇಗೆ ಹಿಡಿಯಬೇಕೆಂದು ಗೊಂಬೆ ಕೊಟ್ಟು ತೋರಿಸುತ್ತಾರೆ. ಈ ಎರಡು ಅಂಕಿಗಳನ್ನು ಹೇಳಲು ಅರ್ಧ ನಿಮಿಷ ಸಾಕು, ಅದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಕೆಲವು ವಾರಗಳ ನಂತರ, ಮಗುವನ್ನು ಎತ್ತಿಕೊಂಡು ಮೆಟ್ಟಿಲು ಇಳಿಯುತ್ತಿದ್ದಾಗ ಅವಳ ಕಣ್ಣ ಮುಂದೆ ಒಂದು ದೃಶ್ಯ ಬಂತು. ಮಗು ಕೆಳಕ್ಕೆ ಬೀಳುತ್ತಿದೆ. ಕೈ ಜಾರಿ ಬೀಳುತ್ತಿರುವುದಲ್ಲ, ತಾನೇ ಎಸೆಯುತ್ತಿದ್ದಾಳೆ. ಕಣ್ಣು ಮಿಟುಕಿಸುವಷ್ಟು ಹೊತ್ತಿನ ದೃಶ್ಯ. ಅವಳು ಅಲ್ಲೇ ಕುಸಿದು ಕುಳಿತಳು, ಮೈಯೆಲ್ಲ ಬೆವರಿತ್ತು. ಎದ್ದು ಒಳಗೆ ಬರುವಷ್ಟರಲ್ಲಿ ಒಂದು ವಾದವೂ ಮನಸ್ಸಿನಲ್ಲಿ ಸಿದ್ಧವಾಗಿತ್ತು: ಮೊದಲ ದಿನ ಪ್ರೀತಿ ಬರಲಿಲ್ಲ, ಈಗ ಇದು ಬಂತು, ಹಾಗಾದರೆ ನಾನು ಎಂಥವಳು?

ಅನಂತರ ದೃಶ್ಯಗಳು ಬೆಳೆದವು. ಚಾಕು ಕಂಡರೆ ಒಂದು, ಸ್ನಾನದ ನೀರು ಕಂಡರೆ ಇನ್ನೊಂದು, ದಿಂಬು ಕಂಡರೆ ಮತ್ತೊಂದು. ಚಾಕುಗಳು ಮೇಲಿನ ಕಪಾಟಿಗೆ ಹೋದವು. ಮಗುವಿಗೆ ಸ್ನಾನ ಮಾಡಿಸುವ ಕೆಲಸವನ್ನು, ಸಹಾಯಕ್ಕೆಂದು ಬಂದಿದ್ದ ತನ್ನ ತಾಯಿಗೆ ವಹಿಸಿದಳು. ಮೆಟ್ಟಿಲ ಬಳಿ ಬಂದಾಗ ಮಗುವನ್ನು ಬೇರೆಯವರ ಕೈಗೆ ಕೊಟ್ಟು, ತಾನು ಬರಿಗೈಯಲ್ಲಿ ಇಳಿಯುತ್ತಿದ್ದಳು.

ಒಂದು ರಾತ್ರಿ ಗಂಡನಿಗೆ ಹೇಳಿದಳು. ಹೇಳುವ ಮುಂಚೆ ತುಂಬ ಹೊತ್ತು ಅತ್ತಳು. ಅವನು ಎಲ್ಲ ಕೇಳಿ, "ನೀನಾ? ನೀನು ಇರುವೆಯನ್ನೂ ತುಳಿಯುವವಳಲ್ಲ. ನಿನ್ನಿಂದ ಏನೂ ಆಗುವುದಿಲ್ಲ, ಮಲಗು" ಎಂದ. ಅವಳು ವಾರಗಳ ನಂತರ ಮೊದಲ ಬಾರಿಗೆ ನಿದ್ದೆ ಮಾಡಿದಳು.

ಯಾರನ್ನು ಕೇಳಿದರೂ ಇದನ್ನು ಒಳ್ಳೆಯ ದಾಂಪತ್ಯದ ಲಕ್ಷಣ ಎನ್ನುತ್ತಾರೆ, ಅದು ನಿಜವೂ ಹೌದು. ಆ ಮೊದಲ ರಾತ್ರಿಯ ಮಾತಿನಲ್ಲಿ ನನಗೆ ಯಾವ ದೋಷವೂ ಕಾಣುವುದಿಲ್ಲ. ತೊಂದರೆ ಮರುದಿನದಿಂದ ಶುರುವಾಯಿತು.

ಮರುದಿನ ರಾತ್ರಿ ಅವಳು ಹೇಳಿದ್ದು: "ನಿನ್ನೆ ಹೇಳಿದ್ದು ಮೆಟ್ಟಿಲ ವಿಷಯ. ಇವತ್ತಿನದು ಬೇರೆ." ಅವನು ಮತ್ತೆ ಸಮಾಧಾನ ಹೇಳಿದ. ಕೆಲವು ದಿನಗಳ ನಂತರ: "ಮೊನ್ನೆ ಹೇಳುವಾಗ ಒಂದು ವಿವರ ಬಿಟ್ಟಿದ್ದೆ. ಅದನ್ನೂ ಕೇಳಿದ್ದರೆ ನೀವು ಹಾಗೆ ಹೇಳುತ್ತಿರಲಿಲ್ಲ." ಮತ್ತೆ ಕೆಲವು ದಿನಗಳಿಗೆ: "ನಾನು ಹೇಳುವಾಗ ನಿಮ್ಮ ಮುಖ ಒಂದು ಕ್ಷಣ ಬದಲಾಯಿತು. ಯಾಕೆ?" ಆಮೇಲೆ ಅವನ ಕಚೇರಿಗೆ ಕರೆಗಳು ಬರತೊಡಗಿದವು. ಸಮಾಧಾನದ ಮಾತು ಮೊದಲು ಒಂದು ರಾತ್ರಿಗೆ ಸಾಕಾಗುತ್ತಿತ್ತು, ಆಮೇಲೆ ಒಂದು ಗಂಟೆಗೂ ಸಾಲಲಿಲ್ಲ. ಮಾತು ಅದೇ ಕ್ರಮದಲ್ಲಿ, ಅದೇ ದನಿಯಲ್ಲಿ ಬರಬೇಕಿತ್ತು. ಅವನು ಒಮ್ಮೆ ಆಕಳಿಸುತ್ತ ಹೇಳಿದ್ದಕ್ಕೆ ಅದನ್ನು ಲೆಕ್ಕಕ್ಕೆ ಹಿಡಿಯಲಾಗದೆ ಮತ್ತೊಮ್ಮೆ ಹೇಳಿಸಿದಳು.

ಅವಳ ತಾಯಿಗೆ ವಿಷಯ ತಿಳಿದದ್ದು ಬಾಗಿಲ ಆಚೆಯಿಂದ ಕೇಳಿಸಿಕೊಂಡು. "ಅಂಥದ್ದನ್ನೆಲ್ಲ ಬಾಯಲ್ಲಿ ಆಡಬಾರದು ಕಣೇ, ಬಿಡ್ತು ಅನ್ನು" ಎಂದರು. ಆ ದಿನದಿಂದ ಏನೂ ಕೇಳದೆ, ಏನೂ ಹೇಳದೆ, ಮಗುವನ್ನು ತಮ್ಮ ಪಕ್ಕದಲ್ಲಿ ಮಲಗಿಸಿಕೊಳ್ಳತೊಡಗಿದರು. ಹಾಲು ಕುಡಿಸುವ ಹೊತ್ತಿಗೆ ತಂದುಕೊಡುತ್ತಿದ್ದರು, ಕುಡಿಸುವಾಗ ಎದುರಿಗೇ ಕುಳಿತಿರುತ್ತಿದ್ದರು. ಅವರಿಗೆ ಅದು ಮಗಳಿಗೆ ಕೊಟ್ಟ ವಿಶ್ರಾಂತಿ. ಮಗಳಿಗೆ ಅದು ತೀರ್ಪು.

ಗಂಡ ಮಗುವಿನ ಕೋಣೆಗೆ ಕ್ಯಾಮೆರಾ ಹಾಕಿಸಿದ. ಅವಳೇ ಕೇಳಿಕೊಂಡಿದ್ದಳು. ಆಮೇಲೆ ರಾತ್ರಿ ಕುಳಿತು ಹಗಲಿನ ದೃಶ್ಯಗಳನ್ನೆಲ್ಲ ಹಿಂದಕ್ಕೆ ಓಡಿಸಿ ನೋಡುವಳು, ತನಗೆ ಅರಿವಿಲ್ಲದೆ ಏನಾದರೂ ಮಾಡಿಬಿಟ್ಟೆನೇ ಎಂದು. ಒಂದು ದಿನ ನಡುರಾತ್ರಿಯ ಪ್ರಶ್ನೆಗೆ ಅವನು ದಣಿದು, "ಗೊತ್ತಿಲ್ಲ, ನನಗೆ ಗೊತ್ತಿಲ್ಲ" ಎಂದುಬಿಟ್ಟ. ಅವಳು ಬೆಳಗಿನವರೆಗೆ ಗೋಡೆಗೆ ಒರಗಿ ಕುಳಿತಿದ್ದಳು.

ತಪ್ಪಾಗಿ ಓದಿದವರು

ಸಹಾಯ ಕೇಳಲಿಲ್ಲ ಎನ್ನುವಂತಿಲ್ಲ. ಮಗುವಿನ ಲಸಿಕೆಗೆ ಹೋದಾಗ ಅವಳಿಗೆ ಪ್ರಸವೋತ್ತರ ಖಿನ್ನತೆಯ ಪ್ರಶ್ನಾವಳಿಯನ್ನು ಕೊಟ್ಟರು. 1987ರಲ್ಲಿ ಕಾಕ್ಸ್, ಹೋಲ್ಡನ್ ಮತ್ತು ಸಗೋವ್ಸ್ಕಿ ರೂಪಿಸಿದ, ಎಡಿನ್‌ಬರೋ ಮಾಪಕ ಎಂದು ಹೆಸರಾದ ಪ್ರಶ್ನಾವಳಿ ಅದು. ಹತ್ತು ಪ್ರಶ್ನೆ, ಒಟ್ಟು 30 ಅಂಕ, ಹಿಂದಿನ ಏಳು ದಿನಗಳ ಮನಸ್ಥಿತಿ. ಒಳ್ಳೆಯ ಸಾಧನ, ಎಷ್ಟೋ ಜೀವಗಳನ್ನು ಉಳಿಸಿರಬಹುದು. ಆದರೆ ಅದರಲ್ಲಿ ನಗು ಬರುತ್ತದೆಯೇ, ಅಳು ಬರುತ್ತದೆಯೇ, ನಿದ್ದೆ ಬರುತ್ತದೆಯೇ, ನಿಮಗೆ ನೀವೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿದೆಯೇ ಎಂಬಂಥ ಪ್ರಶ್ನೆಗಳಿವೆ. ಮಗುವಿನ ಬಗ್ಗೆ ಬೇಡದ ದೃಶ್ಯಗಳು ಕಾಣುತ್ತವೆಯೇ ಎಂಬ ಪ್ರಶ್ನೆ ಇಲ್ಲ. ಅವಳು ಕೇಳಿದ್ದಕ್ಕೆ ಪ್ರಾಮಾಣಿಕವಾಗಿ ಉತ್ತರಿಸಿದಳು. ಅಂಕ ಗಡಿಯ ಕೆಳಗೇ ಬಂತು. ವಿಶ್ರಾಂತಿ ತೆಗೆದುಕೊಳ್ಳಿ ಎಂದು ಕಳಿಸಿದರು.

ಇನ್ನೊಂದು ಕಡೆ ಅವಳು ಧೈರ್ಯ ಮಾಡಿ ಬಾಯಿ ಬಿಟ್ಟಳು. ಅಲ್ಲಿನ ವೈದ್ಯರು ಎರಡು ವಾಕ್ಯ ಕೇಳಿದ್ದೇ ಬರೆಯುವುದನ್ನು ನಿಲ್ಲಿಸಿ ಗಂಡನ ಕಡೆ ತಿರುಗಿ, ಮಗುವನ್ನು ತಾಯಿಯ ಬಳಿ ಒಂಟಿಯಾಗಿ ಬಿಡಬೇಡಿ ಎಂದರು. ಮನೆಯವರು ಮೊದಲೇ ಮಾಡುತ್ತಿದ್ದುದಕ್ಕೆ ವೈದ್ಯಕೀಯ ಮುದ್ರೆ ಬಿತ್ತು.

ಆ ವೈದ್ಯರನ್ನು ಪೂರ್ತಿ ದೂರಲಾರೆ. ಅವರ ಮನಸ್ಸಿನಲ್ಲಿ ಇದ್ದದ್ದು ಬಾಣಂತಿ ಸನ್ನಿ. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣಿಸಿಕೊಳ್ಳುವ, ಸಾಮಾನ್ಯವಾಗಿ ಮೊದಲ ಎರಡು ವಾರಗಳೊಳಗೆ ಧುತ್ತೆಂದು ಬರುವ ಆ ಸ್ಥಿತಿಯಲ್ಲಿ ತಾಯಿಗೆ ವಾಸ್ತವದ ಹಿಡಿತವೇ ತಪ್ಪಿರುತ್ತದೆ. ಯಾರೂ ಇಲ್ಲದ ಕಡೆ ದನಿ ಕೇಳಿಸುತ್ತದೆ, ಮಗು ತನ್ನದಲ್ಲ ಅಥವಾ ಅದರಲ್ಲಿ ಏನೋ ಕೇಡು ಹೊಕ್ಕಿದೆ ಎಂಬ ನಂಬಿಕೆ ಬರುತ್ತದೆ, ನಿದ್ದೆಯಿಲ್ಲದೆಯೂ ದಣಿವಾಗುವುದಿಲ್ಲ, ಮಾತು ಗೊಂದಲವಾಗುತ್ತದೆ. ಅಲ್ಲಿ ಹಾನಿಯ ಯೋಚನೆ ತಾಯಿಗೆ ಭಯ ಹುಟ್ಟಿಸದೆ, ಸರಿಯೆಂದೇ ತೋರಬಹುದು. ಇಂಥ ಲಕ್ಷಣ ಕಂಡರೆ, ಅಥವಾ ತಾಯಿ ಸಾಯುವ ಮಾತಾಡಿದರೆ, ಇಲ್ಲಿ ಬರೆದಿರುವ ಯಾವುದೂ ಅನ್ವಯಿಸುವುದಿಲ್ಲ. ತಾಯಿಯನ್ನೂ ಮಗುವನ್ನೂ ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಆದರೆ ಈ ತಾಯಿಯ ವಿಷಯದಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಚಿತ್ರ ಬದಲಾಗುತ್ತಿತ್ತು: ಆ ದೃಶ್ಯ ಬಂದಾಗ ನೀವು ಏನು ಮಾಡುತ್ತೀರಿ? ಚಾಕು ಎತ್ತಿಡುತ್ತೇನೆ, ಮೆಟ್ಟಿಲು ತಪ್ಪಿಸುತ್ತೇನೆ, ಮಗುವನ್ನು ಅಮ್ಮನಿಗೆ ಕೊಡುತ್ತೇನೆ, ಗಂಡನನ್ನು ಕೇಳುತ್ತೇನೆ, ಕ್ಯಾಮೆರಾ ನೋಡುತ್ತೇನೆ. ಮಗುವಿಗೆ ಕೇಡು ಬಯಸುವವರ ಪಟ್ಟಿ ಇದಲ್ಲ. ಮಗುವನ್ನು ಕಾಯುವ ಕೆಲಸ ಹುಚ್ಚು ಹಿಡಿದಂತೆ ಬೆಳೆದವರ ಪಟ್ಟಿ ಇದು.

ಬೇಡದ ಆಲೋಚನೆಗಳು ಎಷ್ಟು ಸಾಮಾನ್ಯ ಎಂಬುದನ್ನು 1978ರಲ್ಲಿ ರಾಕ್‌ಮನ್ ಮತ್ತು ಡಿ ಸಿಲ್ವಾ ಎಂಬ ಮನೋವಿಜ್ಞಾನಿಗಳು ತೋರಿಸಿಕೊಟ್ಟರು. ಕಾಯಿಲೆ ಇಲ್ಲದವರಲ್ಲೂ ಬಹುಪಾಲು ಮಂದಿಗೆ ಹಿಂಸೆಯ, ಅಸಹ್ಯದ, ಅಪಚಾರದ ಯೋಚನೆಗಳು ಬಂದು ಹೋಗುತ್ತವೆ; ಗೀಳಿನವರ ಯೋಚನೆಗಳಿಗೂ ಇವಕ್ಕೂ ವಸ್ತುವಿನಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಹೊಸ ತಾಯ್ತಂದೆಯರ ವಿಷಯಕ್ಕೆ ಬಂದರೆ, ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅರ್ಧಕ್ಕೆ ತುಸು ಕಡಿಮೆ ತಾಯಂದಿರು, ಮಗುವಿಗೆ ತಾವೇ ಬೇಕೆಂದು ಹಾನಿ ಮಾಡುವಂಥ ಬೇಡದ ಯೋಚನೆಗಳು ಬಂದದ್ದನ್ನು ಒಪ್ಪಿಕೊಂಡರು. ಅವರಲ್ಲಿ ಮಗುವಿನ ಮೇಲೆ ನಿಜವಾಗಿ ಕೈಮಾಡಿದವರ ಪ್ರಮಾಣ, ಅಂಥ ಯೋಚನೆ ಬಾರದವರಿಗಿಂತ ಹೆಚ್ಚಿರಲಿಲ್ಲ. ಅಂದರೆ ಆ ವೈದ್ಯರ ಸಲಹೆಯನ್ನು ಎಲ್ಲೆಡೆ ಪಾಲಿಸಿದರೆ ಸುಮಾರು ಅರ್ಧದಷ್ಟು ಮಕ್ಕಳನ್ನು ತಾಯಂದಿರಿಂದ ದೂರವಿಡಬೇಕಾಗುತ್ತದೆ.

ಹೆಚ್ಚಿನವರಲ್ಲಿ ಯೋಚನೆ ಬರುತ್ತದೆ, ಮೈ ಜುಮ್ಮೆನ್ನುತ್ತದೆ, ಹೋಗುತ್ತದೆ. ಕೆಲವರಲ್ಲಿ ಹೋಗದೆ ಉಳಿದುಬಿಡುತ್ತದೆ. ಗೀಳು ಕಾಯಿಲೆ ಸಾಮಾನ್ಯವಾಗಿ ನೂರರಲ್ಲಿ ಒಬ್ಬರಿಗೆ ಇದ್ದರೆ, ಗರ್ಭಿಣಿಯರಲ್ಲೂ ಬಾಣಂತಿಯರಲ್ಲೂ ಸುಮಾರು ಎರಡರಷ್ಟು ಎಂದು 2013ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಮಾಡಿದ ವಿಶ್ಲೇಷಣೆ ಹೇಳಿತು. ಯೋಚನೆಗೆ ಕೊಟ್ಟ ಅರ್ಥ ಅದನ್ನು ಹೋಗಗೊಡದೆ ಉಳಿಸಿಕೊಳ್ಳುತ್ತದೆ. ಯೋಚಿಸುವುದೂ ಮಾಡುವುದೂ ಒಂದೇ ಎಂದುಕೊಂಡವರಿಗೆ ಯೋಚನೆಯೇ ಅಪರಾಧವಾಗುತ್ತದೆ. ಮೊದಲ ದಿನದ ನಿರ್ಲಿಪ್ತತೆಯನ್ನು ಗುಟ್ಟಾಗಿ ಹೊತ್ತಿದ್ದ ಈ ತಾಯಿಗೆ ಆ ಅರ್ಥ ಮೊದಲೇ ಸಿದ್ಧವಾಗಿತ್ತು.

ಹೇಳಿಕೊಳ್ಳುವುದೇ ಗೀಳಾದಾಗ

ಗೀಳು ಕಾಯಿಲೆ ಎಂದರೆ ಕೈ ತೊಳೆಯುವುದು, ಬೀಗ ಎಳೆದು ನೋಡುವುದು ಎಂದಷ್ಟೇ ಜನರ ತಿಳಿವಳಿಕೆ. ತಪ್ಪೊಪ್ಪಿಕೊಳ್ಳುವುದೂ ಕೈ ತೊಳೆಯುವಂಥದೇ ಕ್ರಿಯೆ ಎಂದರೆ ಬಹಳ ಮಂದಿ ಒಪ್ಪುವುದಿಲ್ಲ, ಏಕೆಂದರೆ ಅದು ಸದ್ಗುಣದಂತೆ ಕಾಣುತ್ತದೆ. ಹೆಂಡತಿ ಗಂಡನಿಂದ ಏನನ್ನೂ ಮುಚ್ಚಿಡುವುದಿಲ್ಲ, ಇನ್ನೇನು ಬೇಕು? ಆದರೆ ಕ್ರಮವನ್ನು ಗಮನಿಸಿ. ದೃಶ್ಯ ಬರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಹೇಳಿಕೊಳ್ಳುತ್ತಾಳೆ, ಅವನು ಸಮಾಧಾನ ಹೇಳುತ್ತಾನೆ, ಎದೆ ತಣ್ಣಗಾಗುತ್ತದೆ. ಮನಸ್ಸು ಇದರಿಂದ ಕಲಿಯುವ ಪಾಠ ಇಷ್ಟೇ: ಅಪಾಯ ನಿಜವಾಗಿತ್ತು, ಹೇಳಿಕೊಂಡದ್ದರಿಂದ ತಪ್ಪಿತು. ಮುಂದಿನ ಸಲ ದೃಶ್ಯ ಇನ್ನಷ್ಟು ಬಲವಾಗಿ ಬರುತ್ತದೆ, ಹೇಳಲೇಬೇಕು ಎಂಬ ಒತ್ತಡ ಇನ್ನಷ್ಟು ಹೆಚ್ಚುತ್ತದೆ. ತುರಿಕೆ ಇದ್ದಂತೆ, ಕೆರೆದಾಗ ಹಾಯೆನಿಸುತ್ತದೆ, ಕೆರೆದಷ್ಟೂ ಹೆಚ್ಚುತ್ತದೆ.

ಯೋಚಿಸದೆ ಇರಲು ಪ್ರಯತ್ನಿಸಿದಳೇ ಎಂದರೆ, ಪ್ರಯತ್ನಿಸಿದ್ದಳು. ಅದರಿಂದಲೂ ಪ್ರಯೋಜನವಾಗಲಿಲ್ಲ. ಮನೋವಿಜ್ಞಾನಿ ಡೇನಿಯಲ್ ವೆಗ್ನರ್ 1987ರಲ್ಲಿ ವಿದ್ಯಾರ್ಥಿಗಳಿಗೆ ಐದು ನಿಮಿಷ ಬಿಳಿ ಕರಡಿಯ ಬಗ್ಗೆ ಮಾತ್ರ ಯೋಚಿಸಬೇಡಿ ಎಂದಾಗ ಅವರಿಗೆ ಕರಡಿಯೇ ಮತ್ತೆ ಮತ್ತೆ ನೆನಪಾದದ್ದು ಪ್ರಸಿದ್ಧ. ಅಲ್ಲಿ ಬರೀ ಕರಡಿ. ಇಲ್ಲಿ ಸ್ವಂತ ಮಗು.

ತಪ್ಪೊಪ್ಪಿಗೆ ಗೀಳಾಗುವುದು ಇಂದಿನ ಕಾಲದ ಸಂಗತಿಯೇನಲ್ಲ. 1505ರಲ್ಲಿ ಜರ್ಮನಿಯ ಎರ್‌ಫರ್ಟ್‌ನ ಮಠ ಸೇರಿದ, ಮುಂದೆ ಕ್ರೈಸ್ತ ಧರ್ಮಸುಧಾರಕನಾಗಿ ಹೆಸರಾದ ಮಾರ್ಟಿನ್ ಲೂಥರ್, ತರುಣ ಸನ್ಯಾಸಿಯಾಗಿದ್ದಾಗ ಪಾಪನಿವೇದನೆಗೆ ಕುಳಿತರೆ ಒಮ್ಮೊಮ್ಮೆ ಆರು ಗಂಟೆ ಎಳೆಯುತ್ತಿದ್ದ ಎಂದು ಅವನ ಜೀವನಚರಿತ್ರೆಗಳು ಹೇಳುತ್ತವೆ. ಎದ್ದು ಬಂದ ಮೇಲೆ ಯಾವುದೋ ಒಂದು ಪಾಪ ಬಿಟ್ಟುಹೋಯಿತೆಂದು ಮತ್ತೆ ಓಡುತ್ತಿದ್ದ. ಅವನ ಹಿರಿಯ ಗುರು ಸ್ಟೌಪಿಟ್ಸ್‌ಗೆ ಸಾಕುಸಾಕಾಗಿತ್ತು. ಕೇಳುವ ಕೆಲಸಕ್ಕೆಂದೇ ಮೀಸಲಾದ ಗುರುವಿಗೇ ಹಾಗಾದರೆ, ಹಗಲೆಲ್ಲ ದುಡಿದು ಬಂದ ಗಂಡನ ಪಾಡೇನು?

ಗೀಳಿನವರ ಮನೆಯವರು ಈ ಚಕ್ರದೊಳಗೆ ಸೇರಿಕೊಳ್ಳುವುದು ಅಪರೂಪವಲ್ಲ, ಬಹುಪಾಲು ಮನೆಗಳಲ್ಲಿ ಹಾಗೆಯೇ ಆಗುತ್ತದೆ. ಯಾರೂ ಪೆದ್ದುತನದಿಂದ ಸೇರುವುದಿಲ್ಲ. ಎದುರಿಗೆ ಕುಳಿತು ನಡುಗುತ್ತಿರುವವಳಿಗೆ "ನಿನ್ನಿಂದ ಏನೂ ಆಗುವುದಿಲ್ಲ" ಎಂಬ ಮೂರು ಪದ ಹೇಳದೆ ಇರಲು ಕಲ್ಲುಹೃದಯ ಬೇಕು ಎಂದು ಅವನಿಗೆ ಅನ್ನಿಸಿದ್ದು ಸಹಜ. ಅವಳ ತಾಯಿ ಮಗುವನ್ನು ತಮ್ಮ ಪಕ್ಕಕ್ಕೆ ಎಳೆದುಕೊಂಡದ್ದೂ ಹಾಗೆಯೇ. ಇಬ್ಬರೂ ತಮಗೆ ತಿಳಿಯದೆ ಅವಳಿಗೆ ಒಂದೇ ಮಾತು ಹೇಳುತ್ತಿದ್ದರು: ನೀನು ಅಪಾಯಕಾರಿಯೋ ಅಲ್ಲವೋ ಎಂಬುದು ಇನ್ನೂ ತೀರ್ಮಾನವಾಗಬೇಕಾದ ವಿಷಯ, ದಿನವೂ ವಿಚಾರಣೆ ನಡೆಯಬೇಕು.

ಚಿಕಿತ್ಸೆ

ಕೊನೆಗೆ ಅವಳನ್ನು ನೋಡಿದ ಮನೋವೈದ್ಯರು ಪೂರ್ತಿ ಕೇಳಿದರು. ಥೈರಾಯ್ಡ್ ಪರೀಕ್ಷೆ ಮಾಡಿಸಿದರು, ಹೆರಿಗೆಯ ನಂತರ ಅದು ಏರುಪೇರಾಗುವುದುಂಟು, ಇವಳಲ್ಲಿ ಸರಿಯಾಗಿತ್ತು. ಖಿನ್ನತೆಗೂ ಗೀಳಿಗೂ ಕೊಡುವ ಸರ್ಟ್ರಲೀನ್ ಎಂಬ ಮಾತ್ರೆ ಬರೆದುಕೊಟ್ಟರು. ಎದೆಹಾಲಿಗೆ ಬಹಳ ಕಡಿಮೆ ಸೇರುವ ಔಷಧಿಗಳಲ್ಲಿ ಅದೊಂದು, ಹಾಗಾಗಿ ಹಾಲು ಬಿಡಿಸಬೇಕಾಗಲಿಲ್ಲ. ಗೀಳಿಗೆ ಈ ಬಗೆಯ ಔಷಧಿ ಕೆಲಸ ಮಾಡಲು ಖಿನ್ನತೆಗಿಂತ ಹೆಚ್ಚು ಕಾಲ ಬೇಕು, ಎಂಟರಿಂದ ಹನ್ನೆರಡು ವಾರಗಳಾದರೂ ಕಾಯಬೇಕು ಎಂದು ಮೊದಲೇ ಹೇಳಿದರು. ರಾತ್ರಿ ಒಂದು ಸರದಿ ಗಂಡ ಎದ್ದು ಮಗುವನ್ನು ನೋಡಿಕೊಳ್ಳಬೇಕು, ಅವಳಿಗೆ ತಡೆಯಿಲ್ಲದ ನಿದ್ದೆ ಸಿಗಬೇಕು ಎಂಬುದನ್ನೂ ಔಷಧಿಯ ಚೀಟಿಯಲ್ಲೇ ಬರೆದರು. ನನ್ನ ದೃಷ್ಟಿಯಲ್ಲಿ ಆ ಸಾಲು ಮಾತ್ರೆಯಷ್ಟೇ ಮುಖ್ಯ.

ಉಳಿದ ಅರ್ಧ ಆಪ್ತಸಮಾಲೋಚನೆಯಲ್ಲಿ ನಡೆಯಿತು. 1966ರಲ್ಲಿ ಲಂಡನ್ನಿನಲ್ಲಿ ವಿಕ್ಟರ್ ಮೇಯರ್ ಎಂಬ ಮನೋವಿಜ್ಞಾನಿ ಇಬ್ಬರು ರೋಗಿಗಳ ಪ್ರಕರಣಗಳನ್ನು ಪ್ರಕಟಿಸಿದ್ದ. ಅವರು ಹೆದರುವುದನ್ನೇ ಎದುರಿಸುವಂತೆ ಮಾಡಿ, ಆಮೇಲೆ ಮಾಡುವ ಗೀಳಿನ ಕ್ರಿಯೆಯನ್ನು ತಡೆದಾಗ ಇಬ್ಬರೂ ಸುಧಾರಿಸಿದ್ದರು. ಅಲ್ಲಿಯವರೆಗೆ ಗೀಳು ಕಾಯಿಲೆಗೆ ಮದ್ದಿಲ್ಲ ಎಂಬ ನಿರಾಶೆಯೇ ಹೆಚ್ಚಿತ್ತು. ಇವತ್ತಿಗೂ ಮಾತಿನ ಚಿಕಿತ್ಸೆಗಳಲ್ಲಿ ಗೀಳಿಗೆ ಹೆಚ್ಚು ಆಧಾರವಿರುವುದು ಅದರ ಸುಧಾರಿತ ರೂಪಕ್ಕೆ.

ಅವಳಿಗೆ ಕೊಟ್ಟ ಅಭ್ಯಾಸಗಳಲ್ಲಿ ಸಾಹಸವೇನೂ ಇರಲಿಲ್ಲ. ಯಾವ ತಾಯಿಯೂ ಮಾಡುವ ದಿನನಿತ್ಯದ ಕೆಲಸಗಳೇ. ಮೊದಲು ಚಾಕುಗಳು ಕಪಾಟಿನಿಂದ ಅಡುಗೆಮನೆಯ ತಮ್ಮ ಜಾಗಕ್ಕೆ ಬಂದವು. ಆಮೇಲೆ ಮಗು ಪಕ್ಕದ ಕೋಣೆಯಲ್ಲಿರುವಾಗ ತರಕಾರಿ ಹೆಚ್ಚುವುದು. ಕ್ಯಾಮೆರಾ ತೆಗೆಸುವುದು. ಸ್ನಾನ ಮಾಡಿಸುವುದು, ಮೊದಲು ಗಂಡ ಬಾಗಿಲಲ್ಲಿರುವಾಗ, ಆಮೇಲೆ ಅವನು ಮನೆಯಲ್ಲಿಲ್ಲದಾಗ. ಮಗುವನ್ನು ಎತ್ತಿಕೊಂಡು ಮೆಟ್ಟಿಲು ಇಳಿಯುವುದನ್ನು ಕೊನೆಗೆ ಇಟ್ಟುಕೊಂಡಳು. ದೃಶ್ಯ ಬಂದರೆ ಬರಲಿ. ಅದನ್ನು ಓಡಿಸುವಂತಿಲ್ಲ, ಅದರೊಡನೆ ವಾದಿಸುವಂತಿಲ್ಲ, ಯಾರಿಗೂ ವರದಿ ಒಪ್ಪಿಸುವಂತಿಲ್ಲ.

ಕೊನೆಯ ನಿಯಮವೇ ಕಠಿಣವಾಯಿತು. ಗಂಡನಿಗೆ ಒಂದು ಉತ್ತರವನ್ನು ಇಬ್ಬರೂ ಸೇರಿ ಮೊದಲೇ ಗೊತ್ತುಮಾಡಿದ್ದರು: "ಈ ಪ್ರಶ್ನೆಗೆ ಉತ್ತರ ಹೇಳುವುದಿಲ್ಲ ಎಂದು ನಾವು ಒಪ್ಪಿದ್ದೇವೆ. ನಿನಗೆ ಕಷ್ಟವಾಗುತ್ತಿದೆ ಎಂದು ಗೊತ್ತು. ನಾನು ಇಲ್ಲೇ ಇರುತ್ತೇನೆ." ಮೊದಲ ರಾತ್ರಿ ಅವಳು, "ನಿಮಗೆ ನನ್ನ ಮೇಲೆ ಅಷ್ಟೂ ಕನಿಕರವಿಲ್ಲವೇ?" ಎಂದು ಕೂಗಿದಳು. ಅವನು ಎದ್ದು ಹೊರಗೆ ಹೋಗಿ ನಿಂತ, ಸ್ವಲ್ಪ ಹೊತ್ತಿನ ಮೇಲೆ ವಾಪಸು ಬಂದು ಪಕ್ಕದಲ್ಲಿ ಕುಳಿತ, ಉತ್ತರ ಮಾತ್ರ ಹೇಳಲಿಲ್ಲ. ಆ ಹೊತ್ತಿನ ಆತಂಕ ಬಹಳ ದೀರ್ಘವೆನಿಸಿತಂತೆ. ಕೊನೆಗೆ ಅದು ತಾನಾಗಿ ಇಳಿಯಿತು. ಯಾರೂ ಏನೂ ಹೇಳದೆ ಇಳಿಯಿತು ಎಂಬುದು ಅವಳಿಗೆ ಹೊಸ ಸುದ್ದಿ.

ಗೀಳು ಅಷ್ಟು ಸುಲಭಕ್ಕೆ ಸೋಲುವುದಿಲ್ಲ, ಉಪಾಯ ಹುಡುಕುತ್ತದೆ. "ಇವತ್ತು ಏನೋ ಒಂದು ಬಂತು. ಹೇಳುವುದಿಲ್ಲ ಬಿಡಿ" ಎಂದು ಹೇಳಿ ಅವನ ಮುಖ ನೋಡುವುದು. ಮೊಬೈಲಿನಲ್ಲಿ ಬರೆದು, ಅವನ ಕಣ್ಣಿಗೆ ಬೀಳುವಂತೆ ತೆರೆದಿಟ್ಟು ಹೋಗುವುದು. ಬೇರೊಬ್ಬ ತಾಯಿಯ ಸುದ್ದಿ ಓದಿದಂತೆ ತನ್ನದನ್ನೇ ಹೇಳಿ, "ಅಂಥವಳ ಬಗ್ಗೆ ನಿಮಗೇನನ್ನಿಸುತ್ತದೆ?" ಎಂದು ಕೇಳುವುದು. ಈ ಮೂರನೆಯದಕ್ಕೆ ಅವನು ಹಲವು ಸಲ ಸಿಕ್ಕಿಬಿದ್ದ. ಇದನ್ನು ಮೋಸ ಎಂದು ತಿಳಿಯಬಾರದು. ನೀರು ಕೇಳುವ ಬಾಯಾರಿಕೆಯಷ್ಟೇ ನೈಜವಾದ ಒತ್ತಡ ಅದು. ಆದರೆ ಗುರುತಿಸದೆ ಬಿಟ್ಟರೆ ಚಿಕಿತ್ಸೆ ಸೋರಿಹೋಗುತ್ತದೆ. ಕೊನೆಕೊನೆಗೆ ಇಬ್ಬರೂ ಅದನ್ನು ಹಿಡಿದಾಗ ನಗುವಷ್ಟರಮಟ್ಟಿಗೆ ಬಂದರು.

ಅಜ್ಜಿಯನ್ನು ಒಪ್ಪಿಸುವುದು ಮಗಳ ಕೈಯಿಂದಾಗಲಿಲ್ಲ. "ಏನಾದರೂ ಆದರೆ ನಾಳೆ ಯಾರಿಗೆ ಉತ್ತರ ಹೇಳಲಿ?" ಎಂಬ ಅವರ ಪ್ರಶ್ನೆಗೆ ಅಂಕಿಅಂಶಗಳು ನಾಟಲಿಲ್ಲ. ಮನೋವೈದ್ಯರೇ ಕರೆಸಿ, ಮಗುವನ್ನು ತಾಯಿಯ ಕೋಣೆಗೆ ಕಳಿಸುವುದು ಚಿಕಿತ್ಸೆಯ ಭಾಗ ಎಂದ ಮೇಲೆ ಕಳಿಸಿದರು, ಒಲ್ಲದ ಮನಸ್ಸಿನಿಂದ.

ಹೇಳದೆ ಉಳಿದದ್ದು

ತಿಂಗಳುಗಳು ಕಳೆದವು. ರಾತ್ರಿಯ ತಪ್ಪೊಪ್ಪಿಗೆ ನಿಂತ ಮೇಲೆ ಗಂಡಹೆಂಡಿರಿಗೆ ಮಾತೇ ಇಲ್ಲದಂತಾಯಿತು. ಅಷ್ಟು ಕಾಲ ಅವರ ನಡುವೆ ಬೇರೆ ಮಾತು ಇರಲೇ ಇಲ್ಲ. ಕಾಯಿಲೆ ಇಳಿದಾಗ ದಾಂಪತ್ಯ ತಾನಾಗಿ ಹಿಂದಿನಂತಾಗುತ್ತದೆ ಎಂದು ಮನೆಯವರು ಕಾಯುತ್ತಾರೆ. ಹಾಗಾಗುವುದಿಲ್ಲ, ನಿಂತುಹೋದ ಮಾತಿನ ಜಾಗ ಖಾಲಿ ಬಿದ್ದಿರುತ್ತದೆ.

ಮೊದಲು ಬಾಯಿ ಬಿಟ್ಟವನು ಅವನು. ಆ ದಿನಗಳಲ್ಲಿ ಒಂದೆರಡು ಸಲ ತಾನೂ ಅವಳನ್ನು ಅನುಮಾನಿಸಿದ್ದನ್ನು, ಕಚೇರಿಯಿಂದ ಕಾರಣವಿಲ್ಲದೆ ಬೇಗ ಬಂದು ಬಾಗಿಲಲ್ಲಿ ಕಿವಿಗೊಟ್ಟು ನಿಂತಿದ್ದನ್ನು ಹೇಳಿದ. ರಾತ್ರಿ ಮಗು ಅತ್ತು ಅತ್ತು ನಿಲ್ಲಿಸದಿದ್ದಾಗ, ಅದನ್ನು ಹಿಡಿದು ಜೋರಾಗಿ ಅಲ್ಲಾಡಿಸುವ ದೃಶ್ಯ ತನಗೂ ಬಂದಿತ್ತು ಎಂದ. ಇದೂ ಅಪರೂಪವಲ್ಲ: 2003ರ ಒಂದು ಸಮೀಕ್ಷೆಯಲ್ಲಿ ತಾಯಂದಿರಲ್ಲಿ ಸುಮಾರು ಮೂರನೆಯ ಎರಡರಷ್ಟು, ತಂದೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಗುವಿನ ಬಗ್ಗೆ ಒಂದಲ್ಲ ಒಂದು ಬಗೆಯ ಬೇಡದ ಯೋಚನೆಗಳು ಬಂದದ್ದನ್ನು ಹೇಳಿಕೊಂಡಿದ್ದರು. ಅನುಮಾನಿಸಿದ್ದನ್ನು ಅವನು ಹೇಳಬೇಕಿತ್ತೇ ಎಂದು ಕೇಳುವವರಿದ್ದಾರೆ. ಅವಳಿಗೆ ನೋವಾಯಿತು, ಎರಡು ದಿನ ಮಾತಾಡಲಿಲ್ಲ. ಆದರೂ ಹೇಳಿದ್ದು ಸರಿ ಎಂದೇ ನನ್ನ ಎಣಿಕೆ. ಅವನು ಒಮ್ಮೆ ಹೇಳಿದ, ಉತ್ತರ ಬೇಡಲಿಲ್ಲ, ಮರುದಿನ ಮತ್ತೆ ಹೇಳಲಿಲ್ಲ. ಅವಳ ರಾತ್ರಿಗಳ ಮಾತಿಗೂ ಇದಕ್ಕೂ ಇರುವ ಅಂತರ ಅಲ್ಲಿದೆ.

ಅದಾದ ಮೇಲೆ ಅವಳು ಹೆರಿಗೆಯ ದಿನದ ಸಂಗತಿ ಹೇಳಿದಳು. ಅಷ್ಟು ರಾತ್ರಿಗಳಲ್ಲಿ, ಅಷ್ಟು ಭೀಕರ ದೃಶ್ಯಗಳನ್ನು ವಿವರ ವಿವರವಾಗಿ ಹೇಳಿದವಳು, ಮಗುವನ್ನು ಎದೆಯ ಮೇಲಿಟ್ಟಾಗ ತನಗೆ ಏನೂ ಅನ್ನಿಸಲಿಲ್ಲ ಎಂಬ ಸಣ್ಣ ಮಾತನ್ನು ಒಮ್ಮೆಯೂ ಹೇಳಿರಲಿಲ್ಲ. ಇದೇ ಎಲ್ಲದರ ಬೇರು ಎಂದು ಬರೆದು ಮುಗಿಸುವ ಆಸೆ ಬರುತ್ತದೆ. ಬರೆಯಲಾರೆ. ಹೆರಿಗೆಯ ದಿನ ಪ್ರೀತಿ ಉಕ್ಕಿದ ತಾಯಂದಿರಿಗೂ ಈ ಗೀಳು ಬರುತ್ತದೆ. ನಿರ್ಲಿಪ್ತರಾಗಿದ್ದ ಹೆಚ್ಚಿನವರಿಗೆ ಬರುವುದಿಲ್ಲ. ಅವಳ ಸ್ವಭಾವ, ನಿದ್ದೆಗೇಡು, ಹೆರಿಗೆಯ ನಂತರ ದೇಹದಲ್ಲಾಗುವ ಏರಿಳಿತ, ಸುತ್ತಲಿನವರ ಒಳ್ಳೆಯತನ, ಎಲ್ಲಕ್ಕೂ ಇದರಲ್ಲಿ ಪಾಲಿದೆ. ಅವಳು ಹೇಳಿ ಮುಗಿಸಿದಾಗ ಅವನು ಸಮಾಧಾನ ಹೇಳಲು ಬಾಯಿ ತೆರೆದು, ಇದಕ್ಕೆ ಹೇಳಬಹುದೋ ಹೇಳಬಾರದೋ ತಿಳಿಯದೆ ಸುಮ್ಮನಾದ. ಸಮಾಲೋಚನೆಯಲ್ಲಿ ಇದನ್ನೇ ಕೇಳಿದ ಕೂಡ. ಹೇಳಬಹುದು, ಒಂದು ಸಲ, ಎಂಬ ಉತ್ತರ ಸಿಕ್ಕಿತು.

ಈಗ ಮಗುವಿಗೆ ವರ್ಷ ದಾಟಿದೆ. ದೃಶ್ಯಗಳು ಪೂರ್ತಿ ನಿಂತಿಲ್ಲ. ನಿದ್ದೆ ಕೆಟ್ಟ ದಿನಗಳಲ್ಲಿ, ಮಗುವಿಗೆ ಜ್ವರ ಬಂದ ವಾರಗಳಲ್ಲಿ ಬರುತ್ತವೆ. ಅವಳು ಕೆಲಸ ನಿಲ್ಲಿಸುವುದಿಲ್ಲ. ತಾಯಿಯೊಡನೆ ಮಾತುಕತೆ ಮೇಲ್ಮೇಲಿನದೇ ಆಗಿ ಉಳಿದಿದೆ; ಹಾಲ ಹೊತ್ತಿನಲ್ಲಿ ಎದುರಿಗೆ ಕುಳಿತಿದ್ದನ್ನು ಅವಳು ಮರೆತಿಲ್ಲ, ಅವರಿಗೆ ಅದರಲ್ಲಿ ಏನು ತಪ್ಪೆಂದು ಇನ್ನೂ ಅರ್ಥವಾಗಿಲ್ಲ. ಮಾತ್ರೆಯನ್ನು ಯಾವಾಗ ಕಡಿಮೆ ಮಾಡಬೇಕೆಂಬುದು ವೈದ್ಯರೊಡನೆ ಚರ್ಚೆಯಲ್ಲಿದೆ. ಎರಡನೆಯ ಮಗುವಿನ ಮಾತು ಬಂದಾಗ ಅವಳು ಸಿದ್ಧ ಎನ್ನುತ್ತಾಳೆ, ಅವನು ಇಲ್ಲ. ಒಮ್ಮೆ ಬಂದದ್ದು ಮುಂದಿನ ಹೆರಿಗೆಯಲ್ಲಿ ಮರುಕಳಿಸುವ ಸಾಧ್ಯತೆ ಇದೆ ಎಂಬುದು ಇಬ್ಬರಿಗೂ ಗೊತ್ತು. ಗರ್ಭ ನಿಂತ ಕೂಡಲೇ ಮನೋವೈದ್ಯರನ್ನು ಕಾಣುವುದು, ರಾತ್ರಿಯ ಸರದಿಯನ್ನು ಮೊದಲೇ ಹಂಚಿಕೊಳ್ಳುವುದು, ಯಾವ ಪ್ರಶ್ನೆಗೆ ಉತ್ತರ ಕೊಡಬಾರದೆಂದು ಸಹಾಯಕ್ಕೆ ಬರುವವರಿಗೆಲ್ಲ ತಿಳಿಸಿಡುವುದು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದಾರೆ. ಅವನು ಆ ಹಾಳೆಯನ್ನು ಬರೆಯಲು ಒಪ್ಪಿದ್ದಾನೆ, ಮಗುವಿಗೆ ಒಪ್ಪಿಲ್ಲ.